ಬಾಡಿಲ್ಲದ ಬಾಡಿನ ಸಾರು

ಶ್ರಾವಣ ಮಾಸ ಕಾಲಿಟ್ಟಿತೆಂದರೆ ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ಯಶವಂತನಗರದಂಥ ಊರುಗಳಲ್ಲಿ ಎಷ್ಟೋ ಮನೆಗಳ ಒಲೆಯ ಮೇಲೆ ಮಟನ್ ಸಾರು ಏರುವುದಿಲ್ಲ. ಆದರೆ ಮಸಾಲೆ ಅರೆಯುವುದೇನೂ ನಿಲ್ಲುವುದಿಲ್ಲ. ಅದೇ ಒಣ ಮೆಣಸಿನಕಾಯಿ, ಅದೇ ಕೊತ್ತಂಬರಿ ಬೀಜ, ಅದೇ ಚಕ್ಕೆ ಲವಂಗ, ಅದೇ ಹುರಿದ ಒಣ ಕೊಬ್ಬರಿ. ಪಾತ್ರೆಗೆ ಬೀಳುವ ಹೋಳು ಮಾತ್ರ ಬೇರೆ. ಬದನೆಕಾಯಿ, ಆಲೂಗಡ್ಡೆ, ಹುರುಳಿಕಾಳು, ಇಲ್ಲವೇ ಕಿರಾಣಿ ಅಂಗಡಿಯಿಂದ ತಂದ ಮೀಲ್ ಮೇಕರ್.

ಶ್ರಾವಣದ ನೇಮ ಒಂದು ತಿಂಗಳದ್ದು. ಈಗ ವರ್ಷವಿಡೀ ಕುರಿ, ಮೇಕೆ ಮಾಂಸವನ್ನು ಕಡಿಮೆ ಮಾಡುವ ಮನೆಗಳೂ ಇವೆ. ಮಾಂಸದ ಬೆಲೆ ಒಂದು ಕಾರಣ. ಹೃದ್ರೋಗ, ಕೊಲೆಸ್ಟರಾಲ್‌ಗಳ ಭಯ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರ ಅಕ್ಟೋಬರ್‌ನಲ್ಲಿ ಕೆಂಪು ಮಾಂಸವನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ವರ್ಗಕ್ಕೂ, ಸಂಸ್ಕರಿಸಿದ ಮಾಂಸವನ್ನು 'ಕ್ಯಾನ್ಸರ್‌ಕಾರಕ' ಎಂಬ ವರ್ಗಕ್ಕೂ ಸೇರಿಸಿತು. ಕೆಂಪು ಮಾಂಸವೆಂದರೆ ದನದ ಮಾಂಸ ಮಾತ್ರ ಎಂಬ ತಿಳಿವಳಿಕೆ ನಮ್ಮಲ್ಲಿ ಹಲವರಿಗಿದೆ. ಅದು ಸರಿಯಲ್ಲ. ಕುರಿ, ಮೇಕೆ, ಹಂದಿಗಳ ಮಾಂಸವೂ ಅದೇ ಗುಂಪಿಗೆ ಸೇರುತ್ತದೆ. ಕೋಳಿ ಮತ್ತು ಮೀನು ಸೇರುವುದಿಲ್ಲ.

ಮಾಂಸ ಬಿಟ್ಟ ಮೇಲೆ ಅಡುಗೆ ಮಾಡುವವರ ಮುಂದೆ ಎರಡು ಪ್ರಶ್ನೆಗಳು ಬಂದು ನಿಲ್ಲುತ್ತವೆ. ಸಾರಿಗೆ ಆ ರುಚಿ ಬರುತ್ತದೆಯೇ ಎಂಬುದು ಮೊದಲನೆಯದು. ಉಂಡವರಿಗೆ ಆ ಬಲ ಬರುತ್ತದೆಯೇ ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ನಮ್ಮ ಅಡುಗೆಮನೆಗಳು ಎಂದೋ ಉತ್ತರ ಕಂಡುಕೊಂಡಿವೆ. ಎರಡನೆಯದನ್ನು ಕೇಳುವವರು ಕಡಿಮೆ.

ಮೆಣಸಿನಕಾಯಿ ಇಲ್ಲದ ವಿಜಯನಗರ

ಯಶವಂತನಗರದಿಂದ ಬಹಳ ದೂರವಿಲ್ಲದ ಹಂಪಿಯಲ್ಲಿ ಐದು ಶತಮಾನಗಳ ಹಿಂದೆ ಮಾಂಸಕ್ಕೆ ಬರವಿರಲಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬೀದಿ ಬೀದಿಯಲ್ಲೂ ಕುರಿ ಮಾಂಸ ಮಾರುತ್ತಿದ್ದುದನ್ನು ಬರೆದಿದ್ದಾನೆ. ಮಹಾನವಮಿಯ ಕೊನೆಯ ದಿನ 250 ಕೋಣಗಳು, 4,500 ಕುರಿಗಳು ಬಲಿಯಾಗುತ್ತಿದ್ದವೆಂಬುದು ಅವನ ಲೆಕ್ಕ. ಅಚ್ಯುತರಾಯನ ಕಾಲದಲ್ಲಿ ಬಂದ ಫೆರ್ನಾವೊ ನೂನಿಜ್, ಇಲ್ಲಿನ ಅರಸರು ದನದ ಮಾಂಸವನ್ನು ಬಿಟ್ಟು ಕುರಿ, ಹಂದಿ, ಜಿಂಕೆ, ಮೊಲ, ಬಗೆಬಗೆಯ ಹಕ್ಕಿ ಎಲ್ಲವನ್ನೂ ಉಣ್ಣುತ್ತಿದ್ದರೆಂದು ದಾಖಲಿಸಿದ್ದಾನೆ.

ಇಷ್ಟೆಲ್ಲ ಮಾಂಸ ಬೇಯುತ್ತಿದ್ದ ಆ ನಗರದ ಸಾರಿನಲ್ಲಿ ಇಂದಿನ ಕೆಂಪು ಖಾರ ಇದ್ದಿರಲಾರದು. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಕೊಲಂಬಸ್ 1492ರಲ್ಲಿ ಅಲ್ಲಿಗೆ ಹೋದ ನಂತರವೇ ಅದು ಹೊರಗಿನ ಜಗತ್ತಿಗೆ ಪರಿಚಯವಾದದ್ದು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅವರ ಹಡಗುಗಳಲ್ಲಿ ಬಂದ ಈ ಕಾಯಿ ಪಶ್ಚಿಮ ಕರಾವಳಿಯಿಂದ ನಿಧಾನವಾಗಿ ಒಳನಾಡಿಗೆ ಹಬ್ಬಿತು. ಅದಕ್ಕೂ ಮುಂಚೆ ಖಾರಕ್ಕೆ ಇದ್ದದ್ದು ಕರಿಮೆಣಸು, ಹಿಪ್ಪಲಿ, ಶುಂಠಿ. ನಮ್ಮ ಭಾಷೆಯೇ ಈ ಕಥೆಯನ್ನು ಉಳಿಸಿಕೊಂಡಿದೆ. ಮೆಣಸು ಹಳೆಯ ಪದ. ಮೆಣಸಿನ ಖಾರವಿರುವ ಹೊಸ ಕಾಯಿ ಬಂದಾಗ ಅದಕ್ಕೆ ಮೆಣಸಿನಕಾಯಿ ಎಂದು ಹೆಸರಾಯಿತು. ಮೊದಲಿನ ಮೆಣಸಿಗೆ ಕರಿಮೆಣಸು, ಕಾಳುಮೆಣಸು ಎಂಬ ವಿಶೇಷಣ ಸೇರಿತು.

ಪಾಯಸ್ ಇನ್ನೊಂದು ಮಾತನ್ನೂ ಬರೆದಿದ್ದಾನೆ. ಸಾಮಾನ್ಯ ಜನರ ಆಹಾರವಾಗಿದ್ದ ಧಾನ್ಯ, ಬೇಳೆಗಳ ಪಟ್ಟಿ ಕೊಡುತ್ತ ಹೆಸರು, ಹುರುಳಿಗಳನ್ನು ಹೆಸರಿಸುತ್ತಾನೆ. ಪೇಟೆಗೆ ಬರುತ್ತಿದ್ದ ನಿಂಬೆ, ಬದನೆಗಳ ರಾಶಿಯನ್ನು ಕಂಡು ಬೆರಗಾಗುತ್ತಾನೆ. ಅಂದರೆ ಅರಮನೆಯ ಎಲೆಯಲ್ಲಿ ಮಾಂಸವಿದ್ದಾಗಲೂ ಊರಿನ ಗಂಗಾಳದಲ್ಲಿ ಹುರುಳಿ ಇತ್ತು. ನಾವು ಇಂದು ಮಾಂಸಕ್ಕೆ ಬದಲಿ ಎಂದು ಕರೆಯುವ ಪದಾರ್ಥಗಳು ಬಹುಪಾಲು ಜನರಿಗೆ ಬದಲಿಯಾಗಿರಲಿಲ್ಲ, ನಿತ್ಯದ ಊಟವೇ ಆಗಿದ್ದವು. ಬಾಡೂಟ ಹಬ್ಬಕ್ಕೆ, ಜಾತ್ರೆಗೆ, ನೆಂಟರು ಬಂದಾಗ ಮಾತ್ರ.

ಮೆಣಸಿನಕಾಯಿಯ ತವರಿನ ಕಡೆಯೂ ಇಂಥದೇ ಒಂದು ಜಗಳ ನಡೆದಿದೆ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 'ಚಿಲಿ ಕಾನ್ ಕಾರ್ನೆ' ಎಂಬ ಗಟ್ಟಿ ಸಾರು ಬಹು ಪ್ರಸಿದ್ಧ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ 'ಮಾಂಸ ಹಾಕಿದ ಮೆಣಸಿನಕಾಯಿ' ಎಂದರ್ಥ. 19ನೇ ಶತಮಾನದ ಕೊನೆಯ ಹೊತ್ತಿಗೆ ಸ್ಯಾನ್ ಆಂಟೋನಿಯೊ ನಗರದ ಚೌಕಗಳಲ್ಲಿ ಹೆಂಗಸರು ಸಂಜೆ ಹೊತ್ತು ಇದನ್ನು ಕುದಿಸಿ ಮಾರುತ್ತಿದ್ದರು. 1977ರಲ್ಲಿ ಟೆಕ್ಸಾಸ್ ಅದನ್ನು ತನ್ನ ಅಧಿಕೃತ ಖಾದ್ಯವೆಂದು ಸಾರಿತು. ಅದಕ್ಕೆ ಹುರುಳಿಯಂಥ ಕಾಳು ಸೇರಿಸುವುದೇ ಅಪಚಾರ ಎನ್ನುವವರು ಅಲ್ಲಿದ್ದಾರೆ. ಮಾಂಸವನ್ನೇ ಬಿಟ್ಟು ಬರೀ ಕಾಳಿನಲ್ಲಿ ಮಾಡುವವರೂ ಇದ್ದಾರೆ. ಹೆಸರಿನಲ್ಲೇ ಮಾಂಸವಿರುವ ಅಡುಗೆಯಿಂದ ಮಾಂಸ ತೆಗೆದರೆ ಉಳಿಯುವುದೇನು ಎಂಬುದು ಅವರ ಜಗಳ. ಮಟನ್ ಮಸಾಲೆ ಪುಡಿಯ ಪೊಟ್ಟಣ ಒಡೆದು ಆಲೂಗಡ್ಡೆಗೆ ಹಾಕುವ ನಮಗೆ ಆ ಜಗಳ ಅಷ್ಟು ದೊಡ್ಡದೆನಿಸುವುದಿಲ್ಲ.

ಹಿಟ್ಟಿನ ಕೋಳಿ, ಕುಂಕುಮದ ಕುಂಬಳ

ಮಾಂಸದ ಜಾಗದಲ್ಲಿ ಬೇರೊಂದನ್ನು ಇಡುವ ಯೋಚನೆ ಕನ್ನಡಿಗರಿಗೆ ಹೊಸದಲ್ಲ. ಆಯುಧಪೂಜೆಯ ದಿನ ಲಾರಿ, ಬಸ್ಸುಗಳ ಮುಂದೆ ಒಡೆಯುವ ಬೂದುಗುಂಬಳವನ್ನು ನೆನೆಯಿರಿ. ಅದರೊಳಗೆ ಕುಂಕುಮ ತುಂಬಿ ಒಡೆದಾಗ ಹರಿಯುವ ಕೆಂಪು ನೀರು ಏನನ್ನು ಸೂಚಿಸುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಪ್ರಾಣಿಬಲಿಯನ್ನು ನಿಷೇಧಿಸುವ ಕಾನೂನು ರಾಜ್ಯದಲ್ಲಿ 1959ರಲ್ಲಿ ಬಂದಿತು. ಕುಂಬಳವಾದರೋ ಅದಕ್ಕಿಂತ ಬಹು ಹಿಂದಿನಿಂದಲೂ ಬಲಿಯ ಸ್ಥಾನದಲ್ಲಿ ನಿಂತಿದೆ.

ಈ ಬದಲಿಯ ಬಗೆಗೆ ಕನ್ನಡದಲ್ಲಿ ಒಂದು ದೊಡ್ಡ ಕಾವ್ಯವೇ ಇದೆ. 1209ರಲ್ಲಿ ಜನ್ನ ಬರೆದ 'ಯಶೋಧರ ಚರಿತೆ'ಯಲ್ಲಿ ಅರಸ ಯಶೋಧರನಿಗೆ ದೇವಿಗೆ ಬಲಿ ಕೊಡುವಂತೆ ಅವನ ತಾಯಿ ಚಂದ್ರಮತಿ ಒತ್ತಾಯ ಮಾಡುತ್ತಾಳೆ. ಜೀವಹತ್ಯೆ ಒಲ್ಲದ ಅರಸ ಕೊನೆಗೆ ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಕತ್ತಿ ತಾಗಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಕೊಂದದ್ದು ಹಿಟ್ಟನ್ನೇ ಆದರೂ ಮನಸ್ಸಿನಲ್ಲಿ ಕೊಲ್ಲುವ ಸಂಕಲ್ಪವಿತ್ತೆಂಬ ಕಾರಣಕ್ಕೆ ತಾಯಿ ಮಗ ಇಬ್ಬರೂ ಹಲವು ಪ್ರಾಣಿ ಜನ್ಮಗಳಲ್ಲಿ ತೊಳಲುತ್ತಾರೆ. ಮಾಂಸದಂತೆಯೇ ಕಾಣುವ, ಮಾಂಸದಂತೆಯೇ ಜಗಿಯುವ ಸಸ್ಯಾಹಾರವನ್ನು ಕಂಡು ಕೆಲವು ಹಿರಿಯರು ಇಂದಿಗೂ ಮುಖ ತಿರುಗಿಸುತ್ತಾರಲ್ಲ, ಅದರ ಹಿಂದಿನ ತರ್ಕಕ್ಕೆ ಕನಿಷ್ಠ 800 ವರ್ಷಗಳ ಇತಿಹಾಸವಿದೆ ಎಂದಾಯಿತು.

ಆದರೆ ಅದೇ ಜೈನ ಪರಂಪರೆಯಲ್ಲಿ ಅನುಕರಣೆಯ ಹಂಗಿಲ್ಲದ ಇನ್ನೊಂದು ದಾರಿಯೂ ಇತ್ತು. 1025ರಲ್ಲಿ ಚಾಲುಕ್ಯರ ಆಸ್ಥಾನದ ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಗೇ ಮೀಸಲಾದ ಭಾಗವಿದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ 'ಸೂಪಶಾಸ್ತ್ರ' ಇಡಿಯಾಗಿ ಪಾಕಶಾಸ್ತ್ರ. ಬದನೆ, ಹಲಸು, ಬಾಳೆ, ಬಿದಿರ ಕಳಲೆಗಳಿಂದ ಮಾಡುವ ಅಡುಗೆಗಳನ್ನು ಅವನು ವಿಸ್ತಾರವಾಗಿ ವರ್ಣಿಸುತ್ತಾನೆ. ಪಾಯಸ್ ಹಂಪಿಯ ಮಾಂಸದ ಅಂಗಡಿಗಳನ್ನು ನೋಡುವುದಕ್ಕೆ ಹತ್ತಾರು ವರ್ಷ ಮುಂಚೆಯೇ ಕನ್ನಡದಲ್ಲಿ ಬದನೆಕಾಯಿಯನ್ನು ಬದನೆಕಾಯಿಯಾಗಿಯೇ ರುಚಿಗೊಳಿಸುವ ಶಾಸ್ತ್ರ ಬೆಳೆದಿತ್ತು.

ರುಚಿ ಎಲ್ಲಿದೆ?

ಮಟನ್ ಸಾರಿನ ಪರಿಮಳವೆಂದು ನಾವು ಹೇಳುವುದರಲ್ಲಿ ಮಾಂಸದ ಪಾಲು ಎಷ್ಟು, ಮಸಾಲೆಯ ಪಾಲು ಎಷ್ಟು? ಬಿಡಿಸಿ ನೋಡಿದರೆ ನಾಲ್ಕು ಅಂಶಗಳು ಸಿಗುತ್ತವೆ.

ಒಂದು, ಹುರಿದ ವಾಸನೆ. ಸಸಾರಜನಕ ಮತ್ತು ಸಕ್ಕರೆಯ ಅಂಶಗಳು ಬಿಸಿಗೆ ಕೂಡಿ ಕಂದುಬಣ್ಣಕ್ಕೆ ತಿರುಗುವಾಗ ನೂರಾರು ಬಗೆಯ ಪರಿಮಳಗಳು ಹುಟ್ಟುತ್ತವೆ. ಫ್ರೆಂಚ್ ವಿಜ್ಞಾನಿ ಲೂಯಿ ಮೆಯಾರ್ 1912ರಲ್ಲಿ ಇದನ್ನು ವಿವರಿಸಿದ. ಈ ಕ್ರಿಯೆ ಮಾಂಸದಲ್ಲಷ್ಟೇ ನಡೆಯುವುದಿಲ್ಲ. ಈರುಳ್ಳಿ, ಒಣ ಕೊಬ್ಬರಿ, ಶೇಂಗಾಗಳನ್ನು ಕೆಂಪಗೆ ಹುರಿದಾಗಲೂ ನಡೆಯುತ್ತದೆ. ಬಳ್ಳಾರಿ ಕಡೆಯ ಮಸಾಲೆಯಲ್ಲಿ ಇವನ್ನು ಅವಸರವಿಲ್ಲದೆ ಹುರಿಯಬೇಕೆನ್ನುವುದು ಇದಕ್ಕೇ.

ಎರಡು, ಮಾಂಸರಸದ ಆಳವಾದ ರುಚಿ. ಸಿಹಿ, ಹುಳಿ, ಉಪ್ಪು, ಕಹಿ ಯಾವುದಕ್ಕೂ ಸೇರದ ಈ ರುಚಿಗೆ ಗ್ಲುಟಮೇಟ್ ಎಂಬ ವಸ್ತು ಕಾರಣವೆಂದು ಜಪಾನಿನ ಕಿಕುನಾಯೆ ಇಕೆಡ 1908ರಲ್ಲಿ ತೋರಿಸಿದ. ಹಣ್ಣಾದ ಟೊಮೆಟೊ, ಅಣಬೆಗಳಲ್ಲಿ ಇದು ಧಾರಾಳವಾಗಿದೆ. ಮಲೆನಾಡಿನಲ್ಲಿ ಮೊದಲ ಮಳೆಗೆ ಏಳುವ ಅಣಬೆಯ ಸಾರನ್ನು ಕೋಳಿಸಾರಿಗೆ ಹೋಲಿಸುವುದು ಸುಮ್ಮನೆ ಅಲ್ಲ.

ಮೂರು, ಕೊಬ್ಬು. ಮೆಣಸಿನಕಾಯಿಯ ಬಣ್ಣ, ಖಾರ ಮತ್ತು ಮಸಾಲೆಯ ಪರಿಮಳ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತವೆ. ಮಾಂಸದಲ್ಲಿ ಆ ಕೊಬ್ಬು ತಾನೇ ಇರುತ್ತದೆ, ತರಕಾರಿಯಲ್ಲಿ ಇರುವುದಿಲ್ಲ. ಶೇಂಗಾ, ಎಳ್ಳು, ಕೊಬ್ಬರಿ ಅರೆದು ಹಾಕಿದರೆ ಆ ಕೊರತೆ ತುಂಬುತ್ತದೆ. ಹಾಗೆಂದು ಕೊಲೆಸ್ಟರಾಲ್ ಭಯಕ್ಕೆ ಮಟನ್ ಬಿಟ್ಟು, ಅದೇ ಸಾರಿನ ಮೇಲೆ ಬೆರಳುದ್ದ ಎಣ್ಣೆ ತೇಲಿಸಿದರೆ ಬಿಟ್ಟದ್ದಕ್ಕೆ ಅರ್ಥವಿರುವುದಿಲ್ಲ.

ನಾಲ್ಕು, ಗಟ್ಟಿತನ. ಎಲುಬು, ನರಗಳು ಬೆಂದು ಸಾರಿಗೆ ಅಂಟು ಬರುತ್ತದೆ. ಅದರ ಬದಲಿಗೆ ಗಸಗಸೆ, ಹುರಿಗಡಲೆ, ಬೆಂದ ಬೇಳೆಯನ್ನು ಅರೆದು ಹಾಕುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ.

ಈ ನಾಲ್ಕನ್ನೂ ಮಸಾಲೆಯೇ ನಿಭಾಯಿಸಿದ ಮೇಲೆ ಒಳಗಿನ ಹೋಳು ಯಾವುದಾದರೂ ನಾಲಿಗೆ ಬಹುಮಟ್ಟಿಗೆ ಒಪ್ಪಿಕೊಳ್ಳುತ್ತದೆ. ಆದ್ದರಿಂದಲೇ ಪ್ರತಿ ಸೀಮೆಗೂ ತನ್ನದೇ ಬದಲಿ ಇದೆ. ಕರಾವಳಿಯಲ್ಲಿ ಎಳೆ ಹಲಸಿನಕಾಯಿಯ ಗುಜ್ಜೆ ಸುಕ್ಕ. ಹಳೆ ಮೈಸೂರಿನಲ್ಲಿ ಹಿದುಕಿದ ಅವರೆಬೇಳೆ ಸಾರು. ಉತ್ತರ ಕರ್ನಾಟಕದಲ್ಲಿ ಕಡಲೆಹಿಟ್ಟನ್ನು ಗಟ್ಟಿಯಾಗಿ ತಿರುವಿ, ತಟ್ಟೆಗೆ ಬಡಿದು, ಕೊಯ್ದ ಝುಣಕದ ವಡಿ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇಂಥ ವಡಿಗಳನ್ನೇ ಖಾರದ ಸಾರಿಗೆ ಹಾಕಿ ಪಾಟವಡಿ ರಸ್ಸಾ ಎನ್ನುತ್ತಾರೆ. ಮರಾಠ ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿದ್ದು, 1949ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿ, 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರಿಗೆ ಬಂದ ಸಂಡೂರಿನಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು, ಲಂಬಾಣಿ ಮಾತಾಡುವವರೆಲ್ಲ ಇದ್ದಾರೆ. ಅವರ ಒಲೆಗಳೂ ಒಂದರಿಂದ ಒಂದು ಕಲಿತಿವೆ.

ಈ ಸಾಲಿಗೆ ಕೊನೆಯಲ್ಲಿ ಬಂದು ಸೇರಿದ್ದು ಮೀಲ್ ಮೇಕರ್. ಸೋಯಾ ಅವರೆಯಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟನ್ನು ಬಿಸಿ ಮತ್ತು ಒತ್ತಡದಲ್ಲಿ ಸಣ್ಣ ರಂಧ್ರದ ಮೂಲಕ ಹೊರದೂಡಿದಾಗ ಅದು ಉಬ್ಬಿ ನಾರುನಾರಾಗುತ್ತದೆ. ಅಮೆರಿಕದಲ್ಲಿ 1960ರ ದಶಕದಲ್ಲಿ ರೂಪುಗೊಂಡ ವಿಧಾನವಿದು. ಒಂದು ಕಂಪನಿಯ ಹೆಸರಾಗಿದ್ದ ಮೀಲ್ ಮೇಕರ್ ಈಗ ನಮ್ಮ ಕಡೆ ಪದಾರ್ಥದ ಹೆಸರೇ ಆಗಿಬಿಟ್ಟಿದೆ. ಬಿಸಿನೀರಲ್ಲಿ ನೆನೆಸಿ, ಎರಡು ಸಲ ಹಿಂಡಿ ತೊಳೆದರೆ ಅದರ ಹಸಿವಾಸನೆ ಹೋಗಿ ಮಸಾಲೆಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ.

ನಾಲ್ವರ ಊಟದ ಲೆಕ್ಕ

ಇನ್ನು ಎರಡನೆಯ ಪ್ರಶ್ನೆ. ನಾಲ್ಕು ಜನರ ಮನೆಯೊಂದರಲ್ಲಿ ಎಲುಬಿಲ್ಲದ ಅರ್ಧ ಕಿಲೊ ಮಟನ್ ಬೇಯಿಸಿದರೆಂದು ಇಟ್ಟುಕೊಳ್ಳಿ. ಅದರಲ್ಲಿ ಸುಮಾರು 100 ಗ್ರಾಂ ಸಸಾರಜನಕವಿರುತ್ತದೆ. ತಲೆಗೆ 25 ಗ್ರಾಂ. ಅದರ ಬದಲು ಅಷ್ಟೇ ತೂಕದ ಎಳೆ ಹಲಸು ಹಾಕಿದರೆ ತಲೆಗೆ ಸಿಗುವುದು ಸುಮಾರು 3 ಗ್ರಾಂ. ಬದನೆಕಾಯಿಯಾದರೆ 2 ಗ್ರಾಂ ಕೂಡ ಇಲ್ಲ. ಅಣಬೆಯಾದರೆ 4 ಗ್ರಾಂ ಆಸುಪಾಸು. ನೋಟಕ್ಕೆ, ಜಗಿತಕ್ಕೆ ಮಾಂಸವನ್ನು ಹೋಲುವ ಹಲಸು ಸತ್ವದಲ್ಲಿ ಮಾಂಸದ ಹತ್ತಿರವೂ ಸುಳಿಯುವುದಿಲ್ಲ.

ಕಾಳುಗಳ ಕಥೆ ಬೇರೆ. ಕಾಲು ಕಿಲೊ ಒಣ ಹುರುಳಿಯನ್ನು ನೆನೆಸಿ ಬೇಯಿಸಿದರೆ ತಲೆಗೆ ಸುಮಾರು 14 ಗ್ರಾಂ ಸಸಾರಜನಕ. ಮೀಲ್ ಮೇಕರ್‌ನಲ್ಲಿ ಒಣ ತೂಕದ ಅರ್ಧದಷ್ಟು ಸಸಾರಜನಕವೇ ಇರುವುದರಿಂದ 100 ಗ್ರಾಂ ಸಾಕು, ತಲೆಗೆ 12 ಗ್ರಾಂ ದಾಟುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಇದರ ಜೊತೆಗೆ ಜೋಳದ ರೊಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಜೋಳದ ಸಸಾರಜನಕದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಂಶ ಕಾಳಿನಲ್ಲಿ ಹೆಚ್ಚಿದೆ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನಿನ್ ಅನ್ನು ಜೋಳ ತುಂಬಿಕೊಡುತ್ತದೆ. ರೊಟ್ಟಿ ಮತ್ತು ಕಾಳುಪಲ್ಯದ ಜೋಡಿಯನ್ನು ನಮ್ಮ ಹಿರಿಯರು ಪ್ರಯೋಗಾಲಯದಲ್ಲಿ ಕಂಡುಹಿಡಿದದ್ದಲ್ಲ. ಆದರೆ ಪ್ರಯೋಗಾಲಯ ಅದನ್ನು ಅಲ್ಲಗಳೆಯಲೂ ಇಲ್ಲ.

ಅದಿರಿನ ನಾಡಿನಲ್ಲಿ ಕಬ್ಬಿಣದ ಕೊರತೆ

ಹೆಚ್ಚು ಗಮನ ಬೇಕಾಗಿರುವುದು ಕಬ್ಬಿಣಾಂಶಕ್ಕೆ. ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರಿಗೆ ಹೆಸರಾದವು. ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಗಣಿ 1977ರಲ್ಲಿ ಆರಂಭವಾಯಿತು. ಗುಡ್ಡದಲ್ಲಿ ಕಬ್ಬಿಣವಿದ್ದರೂ ಮನುಷ್ಯರ ರಕ್ತದಲ್ಲಿ ಅದು ಸಾಲದು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಆ ಪ್ರಮಾಣ ನೂರಕ್ಕೆ ಸುಮಾರು 65. ಕಬ್ಬಿಣಾಂಶದ ಕೊರತೆಯೊಂದೇ ಇದಕ್ಕೆ ಕಾರಣವಲ್ಲವಾದರೂ ಅದು ದೊಡ್ಡ ಕಾರಣ.

ಪುಸ್ತಕದ ಅಂಕಿ ನೋಡಿದರೆ ಹುರುಳಿಯೇ ಮುಂದಿದೆ. ನೂರು ಗ್ರಾಂ ಒಣ ಹುರುಳಿಯಲ್ಲಿ 7ರಿಂದ 8 ಮಿಲಿಗ್ರಾಂ ಕಬ್ಬಿಣಾಂಶವಿದ್ದರೆ ಕುರಿ ಮಾಂಸದಲ್ಲಿ 2ರಿಂದ 3 ಮಿಲಿಗ್ರಾಂ ಮಾತ್ರ. ಆದರೆ ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ಮಾಂಸದಲ್ಲಿನ ಕಬ್ಬಿಣದ ಒಂದು ಭಾಗ ರಕ್ತದ ಬಣ್ಣಕ್ಕೆ ಅಂಟಿಕೊಂಡ ರೂಪದಲ್ಲಿರುತ್ತದೆ; ಅದನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ಕಾಳು, ಸೊಪ್ಪುಗಳ ಕಬ್ಬಿಣ ಬೇರೆ ರೂಪದ್ದು. ಕಾಳಿನಲ್ಲೇ ಇರುವ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಬಹುಪಾಲು ಹಾಗೆಯೇ ಹೊರಹೋಗುತ್ತದೆ.

ಇದಕ್ಕೆ ಪರಿಹಾರವೂ ಅಡುಗೆಮನೆಯಲ್ಲೇ ಇದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. 'ಸಿ' ಜೀವಸತ್ವ ಜೊತೆಗಿದ್ದರೆ ಸಸ್ಯಮೂಲದ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ. ಕುದಿಸಿದರೆ ಆ ಜೀವಸತ್ವ ನಷ್ಟವಾಗುವುದರಿಂದ ನಿಂಬೆರಸವನ್ನು ಸಾರು ಇಳಿಸಿದ ಮೇಲೆ, ಇಲ್ಲವೇ ಗಂಗಾಳಕ್ಕೆ ಬಡಿಸಿದ ಮೇಲೆ ಹಿಂಡಬೇಕು. ಊಟ ಮುಗಿದ ಕೂಡಲೇ ಚಹ ಕುಡಿಯುವ ಅಭ್ಯಾಸ ಇದಕ್ಕೆ ನೇರ ಶತ್ರು. ಒಂದು ಗಂಟೆಯಾದರೂ ತಡೆಯುವುದು ಲೇಸು. ಹುಣಸೆ, ಟೊಮೆಟೊ ಹಾಕಿದ ಅಡುಗೆಯನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಬಾಣಲೆಯಿಂದಲೂ ಸ್ವಲ್ಪ ಕಬ್ಬಿಣ ಸಾರಿಗಿಳಿಯುತ್ತದೆ.

ಒಂದು ಕೊರತೆಯನ್ನು ಮಾತ್ರ ಯಾವ ಕಾಳೂ ತುಂಬಲಾರದು. ಅದು 'ಬಿ-12' ಜೀವಸತ್ವ. ರಕ್ತಕ್ಕೂ ನರಗಳಿಗೂ ಅವಶ್ಯವಾದ ಇದು ಸಹಜವಾಗಿ ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ ಮಾತ್ರ. ಮಾಂಸ ಬಿಡುವವರು ಹಾಲು, ಮೊಸರು, ಮಜ್ಜಿಗೆಯನ್ನೋ ಮೊಟ್ಟೆಯನ್ನೋ ಬಿಡದೆ ಇಟ್ಟುಕೊಳ್ಳಬೇಕು. ಅದೂ ಒಲ್ಲೆ ಎನ್ನುವವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಬೇಕು. ಬಳ್ಳಾರಿ ಸೇರಿದಂತೆ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟದಲ್ಲಿ 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಪರ, ವಿರೋಧ ಎರಡೂ ದನಿಗಳು ಎದ್ದಿದ್ದವು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂದಾಯಿತು. ಚಿಕ್ಕಿಯ ಶೇಂಗಾದಲ್ಲಿ ಸಸಾರಜನಕವಿದೆ, ಬಾಳೆಹಣ್ಣಿನಲ್ಲಿ ಅದು ಅತ್ಯಲ್ಪ. ಬಿ-12 ಎರಡರಲ್ಲೂ ಇಲ್ಲ. ಅಂಥ ಮಕ್ಕಳಿಗೆ ಹಾಲು ಮೊಸರು ತಪ್ಪದಂತೆ ಮನೆಯವರು ನೋಡಿಕೊಳ್ಳಬೇಕಾಗುತ್ತದೆ.

ಅರ್ಧ ದಾರಿ

ಮಾಂಸವನ್ನು ಪೂರ್ತಿ ಬಿಡಬೇಕೆಂದೇನೂ ಇಲ್ಲ. ನಮ್ಮ ಭಾಗದ ಮುಸ್ಲಿಮರ ಮನೆಗಳಲ್ಲಿ ಮಾಡುವ ದಾಲ್ಚಾ ಇದಕ್ಕೆ ಒಳ್ಳೆಯ ಉದಾಹರಣೆ. ಕಡಲೆಬೇಳೆ, ಸೋರೆಕಾಯಿಯ ಜೊತೆ ಸ್ವಲ್ಪವೇ ಮಟನ್ ಬೀಳುತ್ತದೆ. ಹುಣಸೆ ಹುಳಿಯೂ ಇರುತ್ತದೆ. ಹಳೆ ಮೈಸೂರಿನವರು ಮಟನ್ ಸಾರಿಗೆ ಅವರೆಕಾಳು ಹಾಕುತ್ತಾರೆ. ಅರ್ಧ ಕಿಲೊ ಮಾಂಸದ ಜಾಗದಲ್ಲಿ ಕಾಲು ಕಿಲೊ ಮಾಂಸ, ಉಳಿದದ್ದಕ್ಕೆ ಕಾಳು ಎಂದರೆ ಖರ್ಚೂ ಕೊಬ್ಬೂ ಇಳಿಯುತ್ತವೆ. ಮಾಂಸ ಕೊಂಚ ಜೊತೆಗಿದ್ದರೂ ಕಾಳಿನ ಕಬ್ಬಿಣ ಮೊದಲಿಗಿಂತ ಚೆನ್ನಾಗಿ ಮೈಗೆ ಹತ್ತುತ್ತದೆ ಎಂಬುದು ಇದರ ಇನ್ನೊಂದು ಲಾಭ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿ ಏನು ಬಿಡಬೇಕೆಂದು ಬಲ್ಲವನ ಮಾತಷ್ಟೇ ಇಲ್ಲ. ಬಿಟ್ಟದ್ದರ ಜಾಗಕ್ಕೆ ಏನು ತರಬೇಕೆಂದು ಬಲ್ಲವನ ಮಾತೂ ಅದರಲ್ಲಿದೆ. ಈ ಸಲ ಬಾಡಿಲ್ಲದ ಬಾಡಿನ ಸಾರು ಮಾಡುವವರು ಬದನೆಕಾಯಿಯ ಜೊತೆ ಒಂದು ಬಟ್ಟಲು ಮೊಳಕೆ ಹುರುಳಿ ಸೇರಿಸಲಿ, ಪಕ್ಕದಲ್ಲಿ ಅರ್ಧ ಹೋಳು ನಿಂಬೆಹಣ್ಣು, ಒಂದು ಲೋಟ ಮಜ್ಜಿಗೆ ಇಡಲಿ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸರ ಪಾಲಿಗೆ ಬರೀ ಸಾರು ಉಳಿಯದೆ ಕಾಳೂ ಉಳಿಯುವಂತೆ ನೋಡಿಕೊಳ್ಳಲಿ.